ಚಾದರದ ಓದು

ಹೊಸ ಡಾಕ್ಟರೇ, ನಿಮ್ಮ ಹತ್ತಿರ ಕಾಗದ ಇದೆ,
ನನ್ನ ಹತ್ತಿರ ಚಾದರ.
ಮಾಲಿಂದಿಯ ಈ ಆಸ್ಪತ್ರೆಯ ಹಿಂದೆ
ಹನ್ನೊಂದು ವರ್ಷದಿಂದ ಒಗೆಯುತ್ತಿದ್ದೇನೆ.
ಹೆಸರು ಮ್ವಾನಖೇರಿ. ಅಕ್ಷರ ಬಾರದು.

ಇದು ನೋಡಿ, ಆರನೆಯ ಮಂಚದ್ದು.
ಮಡಿಕೆ ಮುರಿದಿಲ್ಲ, ಹಾಸಿದ್ದು ಹಾಸಿದ ಹಾಗೇ ಬಂದಿದೆ.
ಮಿರಾ ಸೊಪ್ಪು ಜಗಿಯುವ ಲಾರಿಯವ,
ಮೂರು ರಾತ್ರಿ ರೆಪ್ಪೆಗೆ ಕಡ್ಡಿ ಕೊಟ್ಟು ಓಡಿಸಿದವ.
ಎದೆ ಮಗ್ಗದ ಹಾಗೆ ಹೊಡೆದುಕೊಳ್ಳುವಾಗ
ಮೈ ಎಲ್ಲಿ ಒರಗೀತು?
ಅಂಚಿನಲ್ಲಿ ಕೂತ ಗುರುತು, ದಿಂಬಿಗೆ ಒಂದು ಹಸಿರು ಉಗುಳು,
ಅಷ್ಟೇ.

ನಮ್ಮ ಮಾತಿನಲ್ಲಿ ಉಂಗಾ ಅಂದರೆ ಹಿಟ್ಟು.
ಮಕ್ಕಳ ಗಂಜಿಗೆ ಕಲಸುವುದೂ ಉಂಗಾ,
ಬೆಳ್ಳಿಕಾಗದದ ಮೇಲೆ ಸುಟ್ಟು ಹೊಗೆ ಎಳೆಯುವುದೂ ಉಂಗಾ.
ಹೊಟ್ಟೆಯ ಹೆಸರನ್ನೇ ಕದ್ದುಕೊಂಡು ಬಂದಿದೆ, ಎಂಥ ಕಳ್ಳ!
ಒಳಗಿರುವಷ್ಟು ಹೊತ್ತು ಮೈಯನ್ನು ತೊಟ್ಟಿಲಲ್ಲಿಟ್ಟು ತೂಗುತ್ತದೆ:
ಕಣ್ಣಪಾಪೆ ಸಾಸಿವೆಯಾಗುತ್ತದೆ,
ಕರುಳು ಕೆಲಸ ಬಿಟ್ಟು ಕೂರುತ್ತದೆ,
ಉಸಿರು ಒಂದು,
ಆಮೇಲೆ ಎಷ್ಟೋ ಹೊತ್ತಿಗೆ
ಇನ್ನೊಂದು.
ಚಾದರದ ತುಂಬ ಸಿಗರೇಟಿನ ತೂತು,
ಸುಟ್ಟದ್ದು ಬೆರಳಿಗೇ ಗೊತ್ತಾಗಿಲ್ಲ.
ಹೊರಡುವಾಗ ಮಾತ್ರ ಬಡ್ಡಿಸಮೇತ ವಸೂಲಿ:
ಮೂಗು ಕಣ್ಣು ಕರುಳು ಒಟ್ಟಿಗೆ ಕಟ್ಟೆಯೊಡೆದು,
ಚಳಿಗೆ ಮುಳ್ಳೆದ್ದ ತೊಗಲು,
ಕಾಲ ಕಡೆ ಬಟ್ಟೆ ಹರಿದಿರುತ್ತದೆ, ರಾತ್ರಿಯಿಡೀ ಒದ್ದದ್ದು.
ಮೂರು ಸಲ ಕುದಿಸಬೇಕು ಅದನ್ನು.

ತೆಂಗಿನ ಹೆಂಡದ ಮುದುಕ ಕಿತ್ಸಾವೊನದು ಬೇರೆ ಕತೆ.
ಕುಡಿತ ನಿಂತ ಎರಡನೇ ದಿನ
ಇಲ್ಲದ ಇರುವೆಗಳನ್ನು ಹೆಕ್ಕಿ ಹೆಕ್ಕಿ
ನೂಲೆಲ್ಲ ಕಿತ್ತಿಟ್ಟಿದ್ದ.
ಬೈದುಕೊಂಡೇ ಸೂಜಿ ತೆಗೆದೆ.

ಬಂಗಿ ಸೇದುವವರ ಹಾಸಿಗೆಯಲ್ಲಿ ಬಜಿಯಾ ಪುಡಿ, ಚೆಲ್ಲಿದ ನೀರು.
ಸುಲಭ ಅಂದುಕೊಂಡಿದ್ದೆ.
ಒಬ್ಬ ಹುಡುಗ ಚಾದರವನ್ನೇ ಕಿಟಕಿಗೆ ಬಿಗಿದಿದ್ದ,
ಸಮುದ್ರ ತನ್ನನ್ನು ನೋಡುತ್ತದೆ ಅಂತ.
ಆ ಗಂಟು ಬಿಚ್ಚಲು ನನಗೆ ಅರ್ಧ ದಿನ.

ನಗಬೇಡಿ. ನನ್ನದೂ ಇದೆ:
ಮೊಣಕೈ ನೋವಿಗೆ ದಿನಾ ಒಂದು ಬಿಳಿ ಗುಳಿಗೆ.
ನೋವು ಕೈಯಿಂದ ಇಳಿದು
ಹೊಟ್ಟೆಯಲ್ಲಿ ಒಲೆ ಹೂಡಿದೆ.
ಯಾವ ಮದ್ದೂ ಕರೆದ ಮನೆಗೆ ಮಾತ್ರ ಹೋಗುವುದಿಲ್ಲ, ಡಾಕ್ಟರೇ,
ಕೇರಿಯೆಲ್ಲ ಸುತ್ತಿ ಬರುತ್ತದೆ.

ಇಲ್ಲಿ ಬೇವಿಗೆ ನಲವತ್ತು ರೋಗದ ಮರ ಅನ್ನುತ್ತೇವೆ.
ನಲವತ್ತೊಂದನೆಯದಕ್ಕೆ
ಅದರ ಕೊಂಬೆಗೆ ನಾನು ಹಗ್ಗ ಕಟ್ಟಿದ್ದೇನೆ.

ಹೋದ ವರ್ಷ ಅಥ್ಮಾನ್ ಬಂದಿದ್ದ, ದೋಣಿಯ ಹುಡುಗ.
ಬರೀ ಉಂಗಾ ಅಂತ ಬರೆಸಿದ್ದ.
ಅವನ ದಿಂಬಿನಲ್ಲಿ ನಾಣ್ಯದಷ್ಟಗಲ ನೀಲಿ ಜೊಲ್ಲು.
ನೀಲಿ ಬರುವುದು ನಿದ್ದೆಗುಳಿಗೆಯಿಂದ;
ಅದನ್ನು ತಟ್ಟನೆ ನಿಲ್ಲಿಸಿದರೆ
ಇಷ್ಟು ದಿನ ಮಲಗಿಸಿಟ್ಟ ನರಗಳೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತವೆ.
ಹೇಳಲು ಹೋದೆ.
ನಿಮಗಿಂತ ಹಿಂದಿನವರು
ಸಾಬೂನು ಸಾಲದೇನಮ್ಮ ಅಂದರು.
ಒಳ್ಳೆಯವರೇ. ಆತುರದಲ್ಲಿದ್ದರು.
ಮೂರನೇ ರಾತ್ರಿ ಅವನಿಗೆ ಸೆಳೆತ.
ಬೆಳಿಗ್ಗೆ ನನಗೆ ಬಂದ ಚಾದರದಲ್ಲಿ
ಕಚ್ಚಿದ ನಾಲಿಗೆಯ ರಕ್ತ ಇತ್ತು, ಮೂತ್ರ ಇತ್ತು.
ಅದನ್ನು ಹೊದ್ದವನು ಇರಲಿಲ್ಲ.
ತಣ್ಣೀರಲ್ಲೇ ತೊಳೆದೆ.
ಬಿಸಿನೀರಿಗೆ ರಕ್ತ ಕಚ್ಚಿಕೊಳ್ಳುತ್ತದೆ.

ಒಂಬತ್ತನೆಯ ಮಂಚದಿಂದ ಈಗ ತಾನೇ ಬಂತು,
ಈ ದಿಂಬಿನ ಚೀಲ.
ಬೆಳಕಿಗೆ ಹಿಡಿಯಿರಿ. ಇಲ್ಲಿ, ಹೊಲಿಗೆಯ ಪಕ್ಕ.
ನೀರಿಗೆ ಹಾಕಿಲ್ಲ ಇನ್ನೂ.